ಅಂಜುವವನೊಬ್ಬ, ಸಾಯುವವನೊಬ್ಬ: ‘ದಿ ಅನ್‌ಯೂಷುವಲ್ಸ್’ ಧಾರಾವಾಹಿಯ ಹಾಸ್ಯವನ್ನು ಕುರಿತು

ವಿಮರ್ಶಕರ ಮೆಚ್ಚುಗೆಯನ್ನು ಪಡೆದೂ ಪ್ರೇಕ್ಷಕರ ಉಪೇಕ್ಷೆಗೆ ಗುರಿಯಾದ ಕೃತಿಗಳ ವಿಷಯದಲ್ಲಿ ನಾವು ಸಾಮಾನ್ಯವಾಗಿ ಎರಡು ಬಗೆಯ ಮಾತುಗಳನ್ನು ಕೇಳುತ್ತೇವೆ. ಪ್ರೇಕ್ಷಕರ ಅಭಿರುಚಿ ಕೆಟ್ಟಿತ್ತು ಎಂಬುದು ಒಂದು. ವ್ಯಾಪಾರಸ್ಥರ ಅವಸರ ಕೃತಿಯನ್ನು ಬಲಿ ತೆಗೆದುಕೊಂಡಿತು ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿರಬಹುದು. ಆದರೆ ಎರಡೂ ಕೃತಿಯ ಒಳಕ್ಕೆ ಕಾಲಿಡದೆಯೇ ಆಡಬಹುದಾದ ಮಾತುಗಳು. ಉಪೇಕ್ಷಿತ ಕೃತಿಗಳ ಶೋಧವೇ ಸಂಶೋಧನೆಯ ಒಂದು ಮುಖ್ಯ ಕೆಲಸವೆಂದು ತಿಳಿದಿರುವ ನಮ್ಮಂಥವರಿಗೆ ಈ ಮಾತುಗಳ ಆಕರ್ಷಣೆ ಇನ್ನೂ ಹೆಚ್ಚು. ಯಾರೂ ಓದದ ಪುಸ್ತಕವನ್ನು ಕಂಡುಹಿಡಿದ ಸಂತೋಷದಲ್ಲಿ, ಅದನ್ನು ಯಾರೂ ಓದದಿರಲು ಪುಸ್ತಕದಲ್ಲಿಯೇ ಏನಾದರೂ ಕಾರಣವಿತ್ತೇ ಎಂದು ಕೇಳಲು ನಾವು ಮರೆಯುತ್ತೇವೆ. ಅಮೆರಿಕದ ಎ.ಬಿ.ಸಿ. ವಾಹಿನಿಯಲ್ಲಿ 2009ರ ಏಪ್ರಿಲ್ 8ರಿಂದ ಜೂನ್ 17ರವರೆಗೆ ಕೇವಲ 10 ಕಂತುಗಳಲ್ಲಿ ಪ್ರಸಾರವಾಗಿ ನಿಂತುಹೋದ ‘ದಿ ಅನ್‌ಯೂಷುವಲ್ಸ್’ ಎಂಬ ಪೊಲೀಸ್ ಧಾರಾವಾಹಿಯನ್ನು ಮುಂದಿಟ್ಟುಕೊಂಡು ಆ ಪ್ರಶ್ನೆಯನ್ನು ಕೇಳಿ ನೋಡಬೇಕೆಂಬುದು ಇಲ್ಲಿ ನಮ್ಮ ಉದ್ದೇಶ.

ಮೊದಲು ಕೃತಿಯ ಪರಿಚಯ. ಇದರ ನಿರ್ಮಾತೃ ಕಾದಂಬರಿಕಾರ ನೋವಾ ಹಾಲಿ. ನ್ಯೂಯಾರ್ಕ್ ನಗರದ ಕಲ್ಪಿತ ಎರಡನೆಯ ಠಾಣೆಯ ಕೊಲೆ ತನಿಖಾ ವಿಭಾಗ ಕಥೆಯ ನೆಲೆ. ಕೇಸಿ ಶ್ರೇಗರ್ ಎಂಬ ಯುವತಿ ಅಲ್ಲಿಗೆ ವರ್ಗವಾಗಿ ಬರುವಲ್ಲಿಂದ ಕಥೆ ಆರಂಭವಾಗುತ್ತದೆ. ಈ ಪಾತ್ರವನ್ನು ವಹಿಸಿದವರು ಆಂಬರ್ ಟ್ಯಾಂಬ್ಲಿನ್. ಅದುವರೆಗೆ ವೇಶ್ಯೆಯ ವೇಷ ಧರಿಸಿ ಬೀದಿಯಲ್ಲಿ ನಿಂತು ಗಿರಾಕಿಗಳನ್ನು ಹಿಡಿಯುವ ಕೆಲಸದಲ್ಲಿದ್ದ ಆಕೆ ಬಹು ದೊಡ್ಡ ಶ್ರೀಮಂತರ ಮಗಳು. ಆ ಸಂಗತಿಯನ್ನು ಸಹೋದ್ಯೋಗಿಗಳಿಂದ ಮುಚ್ಚಿಟ್ಟಿದ್ದಾಳೆ. ಆಕೆಯ ಜೊತೆಗಾರ ಜೇಸನ್ ವಾಲ್ಶ್. ಹಿಂದೆ ಬೇಸ್‌ಬಾಲ್ ಆಟಗಾರನಾಗಿದ್ದ ಈತನ ಹಳೆಯ ಜೊತೆಗಾರ ಕೊಲೆಯಾಗಿರುವುದೇ ಮೊದಲ ಕಂತಿನ ಪ್ರಕರಣ. ವಾಲ್ಶ್‌ನ ಪಾತ್ರದಲ್ಲಿ ಜೆರೆಮಿ ರೆನರ್ ಇದ್ದಾರೆ. ಇವರಲ್ಲದೆ ತನ್ನನ್ನು ತಾನೇ ಪ್ರಥಮ ಪುರುಷದಲ್ಲಿ, ಮೂರನೆಯವನೊಬ್ಬನನ್ನು ಕುರಿತು ಹೇಳುವಂತೆ, ಹೆಸರು ಹಿಡಿದು ಹೇಳಿಕೊಳ್ಳುವ ಎಡ್ಡಿ ಆಲ್ವರೆಜ್, ಅಪರಾಧದ ಪೂರ್ವಕಥೆಯನ್ನು ದೈವಭಕ್ತಿಯ ಕೆಳಗೆ ಹೂತಿಟ್ಟಿರುವ ಹೆನ್ರಿ ಕೋಲ್, ಆತನ ಜೊತೆಗಾತಿ ಆಲಿಸನ್ ಬೋಮಾಂಟ್, ಇವರೆಲ್ಲರ ಮೇಲಧಿಕಾರಿ ಸಾರ್ಜೆಂಟ್ ಹಾರ್ವಿ ಬ್ರೌನ್ ಮೊದಲಾದವರಿದ್ದಾರೆ. ಆದರೆ ಧಾರಾವಾಹಿಯ ತಿರುಳಿರುವುದು ಇವರಾರಲ್ಲಿಯೂ ಅಲ್ಲ, ಲಿಯೋ ಬ್ಯಾಂಕ್ಸ್ ಮತ್ತು ಎರಿಕ್ ಡೆಲಹಾಯ್ ಎಂಬ ಇನ್ನೊಂದು ಜೋಡಿಯಲ್ಲಿ ಎಂದು ನಾವು ಭಾವಿಸುತ್ತೇವೆ.

ಬ್ಯಾಂಕ್ಸ್‌ನಿಗೆ (ನಟ ಹೆರಾಲ್ಡ್ ಪೆರಿನೋ) ವಯಸ್ಸು 42. ಅವನ ಮನೆತನದ ಗಂಡಸರು ಆ ವಯಸ್ಸಿನಲ್ಲಿಯೇ ಸತ್ತವರು. ಆದ್ದರಿಂದ ತಾನೂ ಈ ವರ್ಷ ಸಾಯುವುದು ಖಚಿತವೆಂದು ನಂಬಿ ಅವನು ಗುಂಡು ತಡೆಯುವ ಕವಚವನ್ನು ಹೊತ್ತು ಗೊತ್ತಿಲ್ಲದೆ ತೊಟ್ಟಿರುತ್ತಾನೆ. ಅವನ ದೇಹದಲ್ಲಿ ಯಾವ ರೋಗವೂ ಇಲ್ಲ. ಡೆಲಹಾಯ್‌ಗೆ (ನಟ ಆಡಮ್ ಗೋಲ್ಡ್‌ಬರ್ಗ್) ಮಿದುಳಿನಲ್ಲಿ ಗೆಡ್ಡೆಯಿದೆ. ಅದನ್ನು ಬಲ್ಲ ಅವನು ಚಿಕಿತ್ಸೆಗೆ ಒಪ್ಪುವುದಿಲ್ಲ. ದಿನವೆಲ್ಲ ಒಂದೇ ಕಾರಿನಲ್ಲಿ ಪಕ್ಕದಲ್ಲಿ ಕೂಡುವ ಬ್ಯಾಂಕ್ಸ್‌ನಿಂದ ಅದನ್ನು ಮರೆಮಾಚುತ್ತಾನೆ. ಹೀಗೆ ಸಾವಿನ ಭಯವೆಲ್ಲವೂ ಒಬ್ಬನ ಪಾಲಿಗೆ, ಸಾವಿನ ಕಾರಣವೆಲ್ಲವೂ ಇನ್ನೊಬ್ಬನ ಪಾಲಿಗೆ ಬಂದಿವೆ. ಅಣ್ಣತಮ್ಮಂದಿರು ಆಸ್ತಿಯನ್ನು ಪಾಲು ಮಾಡಿಕೊಂಡಂತೆ ಇವರಿಬ್ಬರು ಮೃತ್ಯುವನ್ನು ಪಾಲು ಮಾಡಿಕೊಂಡಿದ್ದಾರೆ ಎನ್ನಬಹುದು.

ಇದರ ಮಹತ್ವವನ್ನು ತಿಳಿಯಲು ನಮ್ಮ ಅಲಂಕಾರಶಾಸ್ತ್ರದ ಒಂದು ವಿಚಾರ ನೆರವಾಗುತ್ತದೆ. ಪರದೇಶದ ಕಿರುತೆರೆಯ ಕೃತಿಯೊಂದಕ್ಕೆ ರಸಸಿದ್ಧಾಂತವನ್ನು ಅನ್ವಯಿಸುವುದು ಬಲವಂತದ ಮಾತಾಗಬಹುದೆಂಬ ಅರಿವು ನಮಗಿದೆ. ಶಾಸ್ತ್ರವನ್ನು ಇಲ್ಲಿ ತೀರ್ಪಿನ ಅಳತೆಗೋಲಾಗಿ ಬಳಸುತ್ತಿಲ್ಲ. ಕೃತಿಯಲ್ಲಿ ನಡೆದಿರುವುದಕ್ಕೆ ಒಂದು ಹೆಸರು ಬೇಕಾಗಿದೆ, ಅಷ್ಟೆ. ರಸಗಳಲ್ಲಿ ಕೆಲವು ಕೆಲವಕ್ಕೆ ವಿರೋಧಿಗಳೆಂದು ಆಲಂಕಾರಿಕರು ಹೇಳಿದ್ದಾರೆ. ಹಾಸ್ಯವು ಭಯಾನಕ ಮತ್ತು ಕರುಣಗಳಿಗೆ ವಿರೋಧಿ ಎಂಬುದು ‘ಸಾಹಿತ್ಯದರ್ಪಣ’ದ ವಿಶ್ವನಾಥನ ಎಣಿಕೆ. ವಿರೋಧವಿದ್ದಲ್ಲಿ ಕವಿ ಏನು ಮಾಡಬೇಕು? ‘ಧ್ವನ್ಯಾಲೋಕ’ದ ಮೂರನೆಯ ಉದ್ಯೋತದಲ್ಲಿ ಆನಂದವರ್ಧನನು ಇದಕ್ಕೆ ಪರಿಹಾರಗಳನ್ನು ಸೂಚಿಸುತ್ತಾನೆ. ಕೆ. ಕೃಷ್ಣಮೂರ್ತಿಯವರ ಕನ್ನಡ ಅನುವಾದದ ಮೂಲಕ ಅದನ್ನು ಓದಿದವರಿಗೆ ಈ ಭಾಗ ನೆನಪಿರುತ್ತದೆ. ಒಂದೇ ಆಶ್ರಯದಲ್ಲಿ ಎರಡು ವಿರೋಧಿ ರಸಗಳು ನಿಲ್ಲಲಾರವಾದರೆ ಅವುಗಳಲ್ಲಿ ಒಂದಕ್ಕೆ ಬೇರೆಯ ಆಶ್ರಯವನ್ನು ಕಲ್ಪಿಸಬೇಕು: ವೀರ ನಾಯಕನದಾದರೆ ಭಯ ಪ್ರತಿನಾಯಕನದಾಗಬೇಕು. ಒಂದರ ಬೆನ್ನಿಗೆ ಇನ್ನೊಂದು ಬರುವುದರಿಂದ ವಿರೋಧ ಉಂಟಾಗುವುದಾದರೆ ನಡುವೆ ಮೂರನೆಯದೊಂದು ರಸವನ್ನು ತರಬೇಕು. ‘ನಾಗಾನಂದ’ದಲ್ಲಿ ಶಾಂತ ಮತ್ತು ಶೃಂಗಾರಗಳ ನಡುವೆ ಅದ್ಭುತ ಬರುವಂತೆ.

ಪೊಲೀಸ್ ಕಥೆಗಳಲ್ಲಿ ಹಾಸ್ಯವನ್ನು ಬೆರೆಸುವ ಅಮೆರಿಕದ ಧಾರಾವಾಹಿಗಳು ಆನಂದವರ್ಧನನನ್ನು ಓದದೆಯೇ ಅವನ ಮೊದಲ ಪರಿಹಾರವನ್ನು ಚಾಚೂ ತಪ್ಪದೆ ಪಾಲಿಸುತ್ತವೆ. ಇದೇ ವಾಹಿನಿಯಲ್ಲಿ ಇದೇ ವಸಂತದಲ್ಲಿ, 2009ರ ಮಾರ್ಚ್ 9ರಂದು ಆರಂಭವಾದ ‘ಕ್ಯಾಸಲ್’ ಧಾರಾವಾಹಿ ಇದಕ್ಕೆ ಉತ್ತಮ ನಿದರ್ಶನ. ಪತ್ತೇದಾರಿ ಕಾದಂಬರಿಕಾರನೊಬ್ಬನು ನ್ಯೂಯಾರ್ಕಿನ ಮಹಿಳಾ ಪತ್ತೇದಾರಳೊಬ್ಬಳ ಬೆನ್ನು ಹತ್ತಿ ಕೊಲೆಗಳ ತನಿಖೆಗೆ ಹೋಗುವುದು ಅದರ ವಸ್ತು. ಪ್ರತಿ ಕಂತಿನಲ್ಲಿಯೂ ಒಂದು ಹೆಣ ಬೀಳುತ್ತದೆ. ಆದರೆ ಆ ಹೆಣ ಸಾಮಾನ್ಯವಾಗಿ ನಮಗೆ ಗುರುತಿಲ್ಲದವರದು. ನಗೆಯೂ ಸರಸವೂ ತನಿಖೆ ಮಾಡುವವರವು. ಸಾವಿಗೂ ನಗೆಗೂ ಆಶ್ರಯ ಬೇರೆ ಬೇರೆಯಾದ್ದರಿಂದ ಒಂದು ಇನ್ನೊಂದನ್ನು ಮುಟ್ಟುವುದಿಲ್ಲ. ಪ್ರೇಕ್ಷಕ ನಿಶ್ಚಿಂತೆಯಿಂದ ನಗಬಹುದು. ‘ಕ್ಯಾಸಲ್’ 2016ರವರೆಗೆ ನಡೆದು 173 ಕಂತುಗಳನ್ನು ಮುಗಿಸಿತು. ಅದನ್ನು ಹಗುರವಾದ ಕೃತಿಯೆಂದು ತಳ್ಳಿಹಾಕುವುದು ನಮ್ಮ ಅಭಿಪ್ರಾಯವಲ್ಲ. ಅದು ತಾನು ಒಪ್ಪಿಕೊಂಡ ನಿಯಮವನ್ನು ಬಹಳ ನಯವಾಗಿ ನಡೆಸಿದ ಕೃತಿ. ಅದಕ್ಕೂ ಹಿಂದೆ ಇದೇ ವಾಹಿನಿಯಲ್ಲಿ 1975ರಿಂದ 1982ರವರೆಗೆ ನಡೆದ ‘ಬಾರ್ನಿ ಮಿಲ್ಲರ್’ ಬಹುಮಟ್ಟಿಗೆ ಠಾಣೆಯ ಕೋಣೆಯಿಂದ ಹೊರಗೆ ಹೋಗದೆ, ಅಲ್ಲಿಗೆ ಬಂದುಹೋಗುವ ವಿಚಿತ್ರ ಜನರಿಂದ ನಗೆಯನ್ನು ಪಡೆಯಿತು. ಅಲ್ಲಿಯೂ ಸಾವು ಬಾಗಿಲ ಹೊರಗೇ ಉಳಿಯಿತು.

‘ದಿ ಅನ್‌ಯೂಷುವಲ್ಸ್’ ಈ ಅಂತರವನ್ನು ಉಳಿಸಿಕೊಳ್ಳಲಿಲ್ಲ. ಅಲ್ಲಿ ಸಾವು ತನಿಖೆಗೆ ಬಂದ ವಸ್ತುವಾಗಿ ಮಾತ್ರವಲ್ಲದೆ ತನಿಖೆ ಮಾಡುವವನ ತಲೆಬುರುಡೆಯೊಳಗೇ ಇದೆ. ನಗಿಸುವವನೂ ಅವನೇ. ಹಾಗಿದ್ದೂ ರಸಭಂಗವಾಗುವುದಿಲ್ಲ ಎಂಬುದು ಸೋಜಿಗ. ಆಶ್ರಯವನ್ನು ಬದಲಿಸುವ ಉಪಾಯವನ್ನು ಹಾಲಿ ಬೇರೊಂದು ಬಗೆಯಲ್ಲಿ ಬಳಸಿರುವುದೇ ಇದಕ್ಕೆ ಕಾರಣ. ಅವರು ಹಾಸ್ಯವನ್ನೂ ಭಯವನ್ನೂ ಬೇರ್ಪಡಿಸಲಿಲ್ಲ; ಭಯವನ್ನೇ ಎರಡಾಗಿ ಸೀಳಿದರು. ಭಾವವು ಬ್ಯಾಂಕ್ಸ್‌ನಲ್ಲಿ ನೆಲೆಸಿದೆ, ಆ ಭಾವಕ್ಕೆ ತಕ್ಕ ವಿಭಾವ ಡೆಲಹಾಯ್‌ನಲ್ಲಿದೆ. ಕಾರಣವಿಲ್ಲದ ಭಯ ನಗೆಗೀಡಾಗುವುದು ಸಹಜ. ಭಯವಿಲ್ಲದ ಕಾರಣವೂ ಒಂದು ಹಂತದವರೆಗೆ ನಗೆಯನ್ನೇ ಹುಟ್ಟಿಸುತ್ತದೆ: ಸಾಯಲಿರುವ ಮನುಷ್ಯನ ಅಲಕ್ಷ್ಯದಲ್ಲಿ ಒಂದು ಬಗೆಯ ಭಂಡತನವಿರುತ್ತದೆ. ಆದರೆ ಪ್ರೇಕ್ಷಕನಿಗೆ ಇಬ್ಬರ ಗುಟ್ಟೂ ಗೊತ್ತು. ಬ್ಯಾಂಕ್ಸ್ ತನ್ನ ಕವಚವನ್ನು ಸರಿಪಡಿಸಿಕೊಂಡು ಅಂಜುವಾಗ, ಪಕ್ಕದಲ್ಲಿರುವವನು ಆ ಅಂಜಿಕೆಯನ್ನು ಗೇಲಿ ಮಾಡುವಾಗ, ಎರಡು ತುಂಡುಗಳು ಪ್ರೇಕ್ಷಕನ ಮನಸ್ಸಿನಲ್ಲಿ ಕೂಡಿಕೊಂಡು ಬಾಯಲ್ಲಿದ್ದ ನಗೆ ಅಲ್ಲಿಯೇ ಒಣಗುತ್ತದೆ. ಗೇಲಿ ಮಾಡುತ್ತಿರುವವನು ತನ್ನ ಸಾವನ್ನೇ ಗೇಲಿ ಮಾಡುತ್ತಿದ್ದಾನೆ. ಅದನ್ನು ಕೇಳುತ್ತಿರುವವನಿಗೆ ಅದು ತಿಳಿಯದು. ಮಾತಿನಲ್ಲಿ ಇದಾವುದೂ ಬರುವುದಿಲ್ಲ. ಧ್ವನಿಯೆಂದು ಕರೆಯಬಹುದಾದ ವ್ಯಾಪಾರ ಇಲ್ಲಿ ಸ್ಪಷ್ಟವಾಗಿಯೇ ನಡೆದಿದೆ. ಪೆರಿನೋ ಮತ್ತು ಗೋಲ್ಡ್‌ಬರ್ಗ್ ಇಬ್ಬರೂ ಇದನ್ನು ಅರಿತು ಅಭಿನಯಿಸಿದ್ದಾರೆ. ಒಬ್ಬನ ಕಣ್ಣು ಸದಾ ಅಪಾಯವನ್ನು ಹುಡುಕುತ್ತಿರುತ್ತದೆ. ಇನ್ನೊಬ್ಬನ ಕಣ್ಣು ನಿದ್ದೆಗೆಟ್ಟವನಂತೆ ಯಾವುದರ ಮೇಲೂ ನಿಲ್ಲದು.

ಈ ಜೋಡಿಯ ಸೂತ್ರವನ್ನು ಇಡೀ ಠಾಣೆಗೆ ವಿಸ್ತರಿಸುವ ಪ್ರಯತ್ನವನ್ನೂ ಧಾರಾವಾಹಿ ಮಾಡಿದೆ. ಅಲ್ಲಿ ಪ್ರತಿಯೊಬ್ಬರಿಗೂ ಒಂದು ಗುಟ್ಟಿದೆ: ಕೇಸಿಗೆ ಸಿರಿತನ, ಕೋಲ್‌ಗೆ ಹಳೆಯ ಅಪರಾಧ, ವಾಲ್ಶ್ ಮತ್ತು ಬೋಮಾಂಟ್‌ರಿಗೆ ತಮ್ಮೊಳಗಿನ ಸಂಬಂಧ. ಪರರ ಗುಟ್ಟನ್ನು ಬಯಲಿಗೆಳೆಯುವುದೇ ವೃತ್ತಿಯಾಗಿರುವವರು ತಮ್ಮ ಗುಟ್ಟನ್ನು ಕಾಯುವುದರಲ್ಲಿ ದಿನ ಕಳೆಯುತ್ತಾರೆ ಎಂಬುದು ಒಳ್ಳೆಯ ವ್ಯಂಗ್ಯ. ಆದರೆ ಎಲ್ಲ ಗುಟ್ಟುಗಳೂ ಒಂದೇ ತೂಕದವಲ್ಲ. ಕೇಸಿಯ ಸಿರಿತನದ ಎಳೆ ನಮಗೆ ತೆಳುವಾಗಿ ಕಾಣುತ್ತದೆ. ಹಣವಂತರ ಮಗಳಾದ್ದರಿಂದ ಆಕೆಯನ್ನು ಲಂಚದಿಂದ ಕೊಳ್ಳಲಾಗದು, ಅದಕ್ಕಾಗಿಯೇ ಬ್ರೌನ್ ಆಕೆಯನ್ನು ಆರಿಸಿದ್ದಾನೆ ಎಂಬ ಕಲ್ಪನೆ ಚತುರವಾದದ್ದು. ಅದರ ಆಚೆಗೆ ಆ ಸಿರಿತನ ತಂದೆತಾಯಿಗಳೊಡನೆ ಮುಜುಗರದ ಮಾತುಕತೆಗಳನ್ನು ಒದಗಿಸುವುದಕ್ಕಿಂತ ಹೆಚ್ಚೇನನ್ನೂ ಮಾಡುವುದಿಲ್ಲ. ಕಥಾನಾಯಕಿಯೆಂದು ಮುಂದಿಟ್ಟ ಪಾತ್ರ ಹೀಗೆ ಅಂಚಿಗೆ ಸರಿದು, ಪೋಷಕ ಪಾತ್ರಗಳೆಂದು ಭಾವಿಸಿದ ಜೋಡಿ ನಡುವೆ ಬಂದು ನಿಂತದ್ದು ರಚನೆಯ ದೋಷವೆಂದೇ ಹೇಳಬೇಕು. ಮೊದಲ ಕಂತನ್ನು ನೋಡಿದವನು ಯಾರ ಕಥೆಯನ್ನು ಹಿಂಬಾಲಿಸಬೇಕೆಂದು ತಿಳಿಯದೆ ಗೊಂದಲಗೊಂಡಿದ್ದರೆ ಅದು ಅವನ ತಪ್ಪಲ್ಲ.

ಆಲ್ವರೆಜ್‌ನ ವಿಷಯದಲ್ಲಿಯೂ ಇದೇ ಆಕ್ಷೇಪವನ್ನು ಎತ್ತಬಹುದಾಗಿತ್ತು. ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವ ಚಾಳಿ ಎರಡು ಬಾರಿ ನಗಿಸಿ ಮೂರನೆಯ ಬಾರಿ ಬೇಸರ ಹುಟ್ಟಿಸುವಂಥದು. ಆದರೆ ಅವನೊಡನೆ ಕೆಲಸ ಮಾಡಲು ಯಾರೂ ಒಪ್ಪುವುದಿಲ್ಲ ಎಂಬುದನ್ನು ನೆನೆದಾಗ ಆ ಚಾಳಿಗೆ ಬೇರೊಂದು ಅರ್ಥ ಬರುತ್ತದೆ. ಎಲ್ಲರೂ ಜೋಡಿಯಾಗಿರುವ ಠಾಣೆಯಲ್ಲಿ ಜೊತೆಗಾರನಿಲ್ಲದವನು ತನಗೆ ತಾನೇ ಎರಡನೆಯವನಾಗಿದ್ದಾನೆ.

ಇಲ್ಲಿ ಪ್ರತ್ಯೇಕವಾಗಿ ಗಮನಿಸಬೇಕಾದ ಇನ್ನೊಂದು ಅಂಶ ನಿಸ್ತಂತುವಿನಲ್ಲಿ ಕೇಳಿಬರುವ ಧ್ವನಿ. ದೃಶ್ಯ ದೃಶ್ಯಗಳ ನಡುವೆ, ಮುಖ ಕಾಣದ ಮಹಿಳೆಯೊಬ್ಬಳು ನಗರದಲ್ಲಿ ನಡೆಯುತ್ತಿರುವ ವಿಲಕ್ಷಣ ಅಪರಾಧಗಳನ್ನು ಏರಿಳಿತವಿಲ್ಲದ ದನಿಯಲ್ಲಿ ಪ್ರಕಟಿಸುತ್ತಾ ಹೋಗುತ್ತಾಳೆ. ರಾಬರ್ಟ್ ಆಲ್ಟ್‌ಮನ್ 1970ರಲ್ಲಿ ತೆಗೆದ ‘ಮ್ಯಾಶ್’ ಚಿತ್ರದ ಸೈನಿಕ ಶಿಬಿರದಲ್ಲಿ ಧ್ವನಿವರ್ಧಕದಿಂದ ಹೊರಡುವ ಪ್ರಕಟಣೆಗಳು ತಕ್ಷಣ ನೆನಪಿಗೆ ಬರುತ್ತವೆ. ಅಲ್ಲಿ ಶಸ್ತ್ರಚಿಕಿತ್ಸೆಯ ರಕ್ತಕ್ಕೂ ಇಲ್ಲಿ ಕೊಲೆಯ ರಕ್ತಕ್ಕೂ ಈ ದನಿ ಮಾಡುವ ಕೆಲಸ ಒಂದೇ. ಅದು ನಡುವೆ ಬರುವ ಮೂರನೆಯ ರಸ, ಆನಂದವರ್ಧನ ಹೇಳಿದ ಎರಡನೆಯ ಪರಿಹಾರ. ಒಂದು ದೃಶ್ಯದ ಕ್ರೌರ್ಯಕ್ಕೂ ಮುಂದಿನ ದೃಶ್ಯದ ವಿನೋದಕ್ಕೂ ನಡುವೆ ಅದ್ಭುತವು ಸೇತುವೆಯಾಗುತ್ತದೆ. ಇಂಥ ನಗರದಲ್ಲಿ ಏನು ಬೇಕಾದರೂ ಸಂಭವಿಸಬಹುದೆಂಬ ವಿಸ್ಮಯಕ್ಕೆ ಮನಸ್ಸು ಅಣಿಯಾಗುತ್ತದೆ. ಕೆಲವು ಕಂತುಗಳ ಪ್ರಕರಣಗಳು ಸಾಕಷ್ಟು ದುರ್ಬಲವಾಗಿದ್ದರೂ ಧಾರಾವಾಹಿಯ ಒಟ್ಟು ಸ್ವರ ಕೆಡದಿರಲು ಈ ಮುಖವಿಲ್ಲದ ಪಾತ್ರವೇ ಬಹುಮಟ್ಟಿಗೆ ಕಾರಣ.

ಇಂಥ ಧಾರಾವಾಹಿಯನ್ನು ಜನ ಏಕೆ ನೋಡಲಿಲ್ಲ? ಕೆಲವು ಹೊರಗಿನ ಕಾರಣಗಳನ್ನು ಹೇಳಲೇಬೇಕು. ಅದಕ್ಕೆ ದೊರೆತದ್ದು ಬುಧವಾರ ರಾತ್ರಿ 10ರ ವೇಳೆ. ಅದೇ ವೇಳೆಯಲ್ಲಿ ಸಿ.ಬಿ.ಎಸ್.ನಲ್ಲಿ ‘ಸಿ.ಎಸ್.ಐ: ನ್ಯೂಯಾರ್ಕ್’, ಎನ್.ಬಿ.ಸಿ.ಯಲ್ಲಿ ‘ಲಾ ಅಂಡ್ ಆರ್ಡರ್’ ಪ್ರಸಾರವಾಗುತ್ತಿದ್ದವು. ಎಂದರೆ ಒಂದೇ ಗಂಟೆಯಲ್ಲಿ ಮೂರು ವಾಹಿನಿಗಳಲ್ಲಿಯೂ ನ್ಯೂಯಾರ್ಕಿನ ಪೊಲೀಸರೇ. ಎ.ಬಿ.ಸಿ.ಯಲ್ಲಿ ಹಿಂದಿನ ವಾರದವರೆಗೆ ಅದೇ ವೇಳೆಯಲ್ಲಿದ್ದ ‘ಲೈಫ್ ಆನ್ ಮಾರ್ಸ್’ ಸಹ ನ್ಯೂಯಾರ್ಕಿನ ಪೊಲೀಸರ ಕಥೆಯೇ. ಅದು ಏಪ್ರಿಲ್ 1ರಂದು, ಒಂದೇ ವರ್ಷದ ಆಯುಸ್ಸಿನೊಡನೆ, ಮುಗಿದಿತ್ತು. ಇನ್ನು ‘ದಿ ಅನ್‌ಯೂಷುವಲ್ಸ್’ಗೆ ಮುಂಚೆ ಪ್ರಸಾರವಾಗುತ್ತಿದ್ದದ್ದು ‘ಲಾಸ್ಟ್’. ಅದರ ದೊಡ್ಡ ಪ್ರೇಕ್ಷಕವರ್ಗ ಕುರ್ಚಿ ಬಿಟ್ಟು ಏಳದೆ ಮುಂದಿನ ಕಾರ್ಯಕ್ರಮವನ್ನೂ ನೋಡುವುದೆಂಬುದು ವಾಹಿನಿಗಳ ಲೆಕ್ಕಾಚಾರ. ಆದರೆ ‘ಲಾಸ್ಟ್’ ಪ್ರತಿ ವಾರ ಪ್ರೇಕ್ಷಕನಿಂದ ಬೇಡುತ್ತಿದ್ದ ಏಕಾಗ್ರತೆ ಸಾಮಾನ್ಯವಲ್ಲ. ಒಂದು ಗಂಟೆ ಹಾಗೆ ದಣಿದವನಿಗೆ ಮತ್ತೊಂದು ಸೂಕ್ಷ್ಮ ಕೃತಿ ಬೇಡವಾಗಿದ್ದರೆ ಆಶ್ಚರ್ಯವಿಲ್ಲ. ಮೇ 13ಕ್ಕೆ ‘ಲಾಸ್ಟ್’ನ ಆ ವರ್ಷದ ಕಂತುಗಳು ಮುಗಿದವು. ಅದೇ ತಿಂಗಳಲ್ಲಿ ‘ದಿ ಅನ್‌ಯೂಷುವಲ್ಸ್’ ಮುಂದುವರಿಯುವುದಿಲ್ಲವೆಂಬ ನಿರ್ಧಾರವೂ ಆಯಿತು. ಉಳಿದ ಕಂತುಗಳು ತಾವು ಸತ್ತಿರುವುದು ಗೊತ್ತಿದ್ದೇ ಪ್ರಸಾರವಾದವು. ಡೆಲಹಾಯ್‌ನ ಧಾರಾವಾಹಿಗೆ ಇದು ತಕ್ಕುದೇ ಎಂದು ಯಾರಾದರೂ ನಕ್ಕರೆ ನಾವು ಆಕ್ಷೇಪಿಸುವುದಿಲ್ಲ.

ಈ ಕಾರಣಗಳೇ ಸಾಕೆಂದು ನಮಗೆ ಅನ್ನಿಸುವುದಿಲ್ಲ. ಎನ್.ಬಿ.ಸಿ.ಯ ‘ಹಿಲ್ ಸ್ಟ್ರೀಟ್ ಬ್ಲೂಸ್’ 1981ರ ಜನವರಿಯಲ್ಲಿ ಆರಂಭವಾದಾಗ ಅದನ್ನೂ ನೋಡಿದವರು ಕಡಿಮೆ. ವಿಮರ್ಶಕರ ಮೆಚ್ಚುಗೆಯನ್ನು ನಂಬಿ ವಾಹಿನಿ ಅದನ್ನು ಮುಂದುವರಿಸಿತು. ಮೊದಲ ವರ್ಷಕ್ಕೇ ಅದಕ್ಕೆ 8 ಎಮ್ಮಿ ಪ್ರಶಸ್ತಿಗಳು ಬಂದವು, 1987ರವರೆಗೆ ಅದು ನಡೆಯಿತು. ಅಲ್ಲಿಯೂ ಗಾಂಭೀರ್ಯದ ಜೊತೆಗೆ ಹಾಸ್ಯವಿತ್ತು. ಆದರೆ ಒಟ್ಟಿನಲ್ಲಿ ಅದು ಗಂಭೀರ ಕೃತಿಯೆಂದೇ ತನ್ನನ್ನು ಪರಿಚಯಿಸಿಕೊಂಡಿತ್ತು. ಹಾಸ್ಯ ಅಲ್ಲಿ ಅಂಗವಾಗಿ ಬಂದಿತ್ತು, ಅಂಗಿಯಾಗಿ ಅಲ್ಲ. ಇದಕ್ಕೆ ಇನ್ನೊಂದು ತುದಿಯಲ್ಲಿ ಎ.ಬಿ.ಸಿ.ಯೇ 1982ರಲ್ಲಿ ಪ್ರಸಾರಮಾಡಿ ಆರು ಕಂತುಗಳಿಗೆ ನಿಲ್ಲಿಸಿದ ‘ಪೊಲೀಸ್ ಸ್ಕ್ವಾಡ್!’ ಇದೆ. ಅದು ಶುದ್ಧ ವಿಡಂಬನೆ. ಅದನ್ನು ಮೆಚ್ಚಬೇಕಾದರೆ ಪ್ರೇಕ್ಷಕನು ಕಣ್ಣಿಟ್ಟು ನೋಡಬೇಕಾಗುತ್ತದೆ ಎಂಬುದೇ ರದ್ದತಿಗೆ ಕಾರಣವೆಂದು ವಾಹಿನಿಯ ಮುಖ್ಯಸ್ಥರೊಬ್ಬರು ಹೇಳಿದ ಮಾತು ಇಂದಿಗೂ ನಗೆಪಾಟಲಾಗಿಯೇ ಉಳಿದಿದೆ. ನಗುವ ಮುನ್ನ ಅದರಲ್ಲಿನ ಅನುಭವವನ್ನೂ ನಾವು ಗಮನಿಸಬೇಕು. ಆ ಕಾಲದ ಟೆಲಿವಿಷನ್ ಮನೆಯಲ್ಲಿ ಬೇರೆ ಕೆಲಸಗಳ ನಡುವೆ ಅರೆಗಿವಿಯಿಂದ ಕೇಳುವ, ಅರೆಗಣ್ಣಿನಿಂದ ನೋಡುವ ಮಾಧ್ಯಮವಾಗಿತ್ತು.

‘ದಿ ಅನ್‌ಯೂಷುವಲ್ಸ್’ ಅರೆಗಣ್ಣಿಗೆ ಹೇಗೆ ಕಂಡಿರಬಹುದು? ಭಯಪಡುವ ಪೊಲೀಸನೊಬ್ಬನನ್ನು ಗೇಲಿ ಮಾಡುವ ಇನ್ನೊಬ್ಬ ಪೊಲೀಸನಾಗಿ. ಅದೊಂದು ಸಾಧಾರಣ ಹಾಸ್ಯ. ಅದಕ್ಕಿಂತ ಚೆನ್ನಾಗಿ ನಗಿಸುವ ಕಾರ್ಯಕ್ರಮಗಳಿದ್ದವು. ಕೊಲೆಯ ಪ್ರಕರಣವಾಗಿ ನೋಡಿದರೆ ಅದು ಸಾಧಾರಣ ಪ್ರಕರಣ. ಅದಕ್ಕಿಂತ ಬಿಗಿಯಾದ ತನಿಖೆಗಳು ಪಕ್ಕದ ಎರಡು ವಾಹಿನಿಗಳಲ್ಲಿದ್ದವು. ಎರಡನ್ನೂ ಕೂಡಿಸಿ ನೋಡಿದಾಗ ಮಾತ್ರ ಅದು ಅಸಾಧಾರಣ. ಹಾಗೆ ಕೂಡಿಸಬೇಕಾದರೆ ಹಿಂದಿನ ಕಂತಿನಲ್ಲಿ ವೈದ್ಯನು ಡೆಲಹಾಯ್‌ಗೆ ಹೇಳಿದ್ದು ಈ ಕಂತಿನಲ್ಲಿ ನೆನಪಿರಬೇಕು. ನಡುವೆ ಬಂದು ನೋಡುವವನಿಗೆ ಡೆಲಹಾಯ್ ಒಬ್ಬ ಒರಟ, ಅಷ್ಟೆ. ಅಂದಿನ ವಿಮರ್ಶಕರಲ್ಲಿ ಮೆಚ್ಚಿದವರು ಮೆಚ್ಚಿದ್ದೂ, ಮೆಚ್ಚದವರು ಸ್ವರದ ಅಸ್ಥಿರತೆಯನ್ನು ಆಕ್ಷೇಪಿಸಿದ್ದೂ ಇದೇ ಗುಣವನ್ನು ಕುರಿತು. ಆದ್ದರಿಂದ ಪ್ರೇಕ್ಷಕರ ಉಪೇಕ್ಷೆ ಈ ಕೃತಿಗೆ ಹೊರಗಿನಿಂದ ಬಂದ ಅಪಘಾತವಲ್ಲ. ಅದರ ಅತ್ಯುತ್ತಮ ಅಂಶವೇ ವಾರಕ್ಕೊಮ್ಮೆ ಜಾಹೀರಾತುಗಳ ನಡುವೆ ನೋಡುವ ಪದ್ಧತಿಯೊಡನೆ ಹೊಂದದೆ ಹೋಯಿತು. ಒಂದು ವರ್ಷ ಜೀವ ಹಿಡಿದಿರಬೇಕೆಂದು ಹಂಬಲಿಸುವ ಪಾತ್ರವನ್ನು ಪ್ರೇಕ್ಷಕ ಬಲ್ಲವನಾಗುವಷ್ಟರಲ್ಲಿ ಧಾರಾವಾಹಿಯ ಹತ್ತು ಕಂತುಗಳೂ ಮುಗಿದಿದ್ದವು.

ಮುಂದಿನ ಕಥೆ ಈ ಅಭಿಪ್ರಾಯವನ್ನು ಪರೀಕ್ಷಿಸಲು ಅವಕಾಶ ಕೊಡುತ್ತದೆ. ಧಾರಾವಾಹಿ ಮುಗಿದ ತಿಂಗಳಿನಲ್ಲಿಯೇ ಅಮೆರಿಕದ ಚಿತ್ರಮಂದಿರಗಳಿಗೆ ಬಂದ ‘ದಿ ಹರ್ಟ್ ಲಾಕರ್’ ಚಿತ್ರದಲ್ಲಿ ಬಾಂಬು ನಿಷ್ಕ್ರಿಯಗೊಳಿಸುವ ಸೈನಿಕನಾಗಿ ಜೆರೆಮಿ ರೆನರ್ ಪ್ರಸಿದ್ಧರಾದರು. ಶ್ರೇಷ್ಠ ನಟನ ಆಸ್ಕರ್‌ಗೆ ಅವರ ಹೆಸರು ಸೂಚಿತವಾಯಿತು. ಇದು ಅದೃಷ್ಟದ ಮಾತು, ಇದರಿಂದ ಹೆಚ್ಚೇನೂ ತಿಳಿಯದು. ಹಾಲಿಯವರ ದಾರಿ ಹೆಚ್ಚು ಬೋಧಪ್ರದ. ಅದೇ ವಾಹಿನಿಗೆ 2010ರಲ್ಲಿ ಅವರು ರೂಪಿಸಿದ ‘ಮೈ ಜನರೇಶನ್’ ಎರಡೇ ಕಂತುಗಳಿಗೆ ನಿಂತಿತು. ಅನಂತರ 2014ರಲ್ಲಿ ಎಫ್.ಎಕ್ಸ್. ಎಂಬ ಕೇಬಲ್ ವಾಹಿನಿಗಾಗಿ, ಕೋಯೆನ್ ಸೋದರರ ಚಲನಚಿತ್ರದ ಹೆಸರನ್ನೂ ವಾತಾವರಣವನ್ನೂ ಎರವಲು ಪಡೆದು ‘ಫಾರ್ಗೊ’ ಸಿದ್ಧವಾಯಿತು. ಮತ್ತೆ ಪೊಲೀಸರು, ಮತ್ತೆ ಕೊಲೆಗಳು, ಮತ್ತೆ ಅದೇ ಕರಿನಗೆ. ಏಪ್ರಿಲ್ 15ರಂದು ಆರಂಭವಾಗಿ ಜೂನ್ 17ರಂದು ಮುಗಿದ ಅದರ ಮೊದಲ ಭಾಗದಲ್ಲಿಯೂ ಇದ್ದ ಕಂತುಗಳು ಹತ್ತೇ. ಮುಕ್ತಾಯದ ದಿನವೂ ಒಂದೇ ಆಗಿರುವುದು ಕಾಕತಾಳೀಯ. ಕಂತುಗಳ ಸಂಖ್ಯೆ ಒಂದೇ ಆಗಿರುವುದನ್ನು ಮಾತ್ರ ನಾವು ಹಾಗೆ ಬಿಡಲಾರೆವು. ವರ್ಷಕ್ಕೆ ಇಪ್ಪತ್ತಕ್ಕೂ ಹೆಚ್ಚು ಕಂತುಗಳನ್ನು ನಿರೀಕ್ಷಿಸುವ ವಾಹಿನಿಯಲ್ಲಿ ಹತ್ತು ಕಂತು ಅಕಾಲಮರಣ. ಹತ್ತು ಕಂತಿನ ಒಂದೇ ಕಥೆಯೆಂದು ಮೊದಲೇ ಸಾರಿದಲ್ಲಿ ಅದು ಪೂರ್ಣಾಯುಸ್ಸು. ಎರಡನೆಯ ಕಡೆ ಪ್ರೇಕ್ಷಕನೂ ಮೊದಲಿನಿಂದ ಕೊನೆಯವರೆಗೆ ನೋಡಲು ಒಪ್ಪಿಯೇ ಕೂಡುತ್ತಾನೆ. ಆ ವರ್ಷದ ಶ್ರೇಷ್ಠ ಕಿರುಧಾರಾವಾಹಿಯ ಎಮ್ಮಿ ಪ್ರಶಸ್ತಿ ‘ಫಾರ್ಗೊ’ಗೆ ಬಂದಿತು.

‘ಫಾರ್ಗೊ’ವನ್ನು ನೋಡಿ ಹಿಂದಕ್ಕೆ ಬಂದವರು ಈಗ ‘ದಿ ಅನ್‌ಯೂಷುವಲ್ಸ್’ ಅನ್ನು ಅದರ ಕರಡು ಪ್ರತಿಯೆಂಬಂತೆ ಓದುವುದುಂಟು. ಇದನ್ನು ನಾವು ಪೂರ್ತಿಯಾಗಿ ಒಪ್ಪುವುದಿಲ್ಲ. ‘ಫಾರ್ಗೊ’ದ ಕೌಶಲ ಹೆಚ್ಚಿನದು, ರಚನೆ ಗಟ್ಟಿಯಾದದ್ದು, ಆದರೆ ಅಲ್ಲಿ ಸಾವು ಹೆಚ್ಚಾಗಿ ಹೊರಗಿನಿಂದ, ಲೋರ್ನ್ ಮಾಲ್ವೊನಂಥ ದುಷ್ಟನ ರೂಪದಲ್ಲಿ ಬರುತ್ತದೆ. ದಿನನಿತ್ಯದ ಕೆಲಸದ ನಡುವೆ ಪಕ್ಕದ ಸೀಟಿನಲ್ಲಿ ಕುಳಿತು ಊಟ ಹಂಚಿಕೊಳ್ಳುವ ಸಾವು ಅಲ್ಲಿಲ್ಲ. ಜೋಡಿಯ ಸೂತ್ರವನ್ನು ಮಾತ್ರ ಹಾಲಿ ಬಿಡಲಿಲ್ಲ. ಆಡಮ್ ಗೋಲ್ಡ್‌ಬರ್ಗ್ ಅಲ್ಲಿಯೂ ಇದ್ದಾರೆ, ಈ ಬಾರಿ ಬಾಡಿಗೆ ಕೊಲೆಗಾರನಾಗಿ. ಅವನ ಜೊತೆಗಾರ ಕಿವಿ ಕೇಳದವನು. ಜೊತೆಗಾರನ ಕೈಸನ್ನೆಗಳನ್ನು ಇವನೇ ಲೋಕಕ್ಕೆ ಮಾತಾಗಿ ತಿಳಿಸಬೇಕು. ಭಯವನ್ನು ಇಬ್ಬರಲ್ಲಿ ಹಂಚಿದ್ದ ಕೈ ಇಲ್ಲಿ ಮಾತನ್ನು ಇಬ್ಬರಲ್ಲಿ ಹಂಚಿದೆ. ಆರನೆಯ ಕಂತಿನ ಹಿಮಬಿರುಗಾಳಿಯಲ್ಲಿ ಮಾತನಾಡುವವನು ಕೊಲೆಯಾಗುತ್ತಾನೆ. ಕೇಳಿಸದವನು ಬದುಕಿ ಉಳಿಯುತ್ತಾನೆ.